ಕಡಿಮೆ ಮೊತ್ತದ ಕೊಟೇಶನ್‌ಗೆ ಸಹಿ ಹಾಕುವ ಮುನ್ನ: ಉದ್ಯಮ ನಡೆಸುವವರಿಗೆ ಒಂದು ಬಹಿರಂಗ ಪತ್ರ

ಉದ್ಯಮಗಳ ಮಾಲೀಕರಿಗೆ, ನಿರ್ದೇಶಕ ಮಂಡಳಿಯವರಿಗೆ, ಖರೀದಿ ಮತ್ತು ಹಣಕಾಸು ವಿಭಾಗ ನೋಡಿಕೊಳ್ಳುವವರಿಗೆ,

ಮಾನ್ಯರೇ,

ಬಿಲ್ಲಿಂಗ್, ದಾಸ್ತಾನು, ಸಂಬಳ, ಆರ್ಡರ್ ಹೀಗೆ ಯಾವುದೋ ಕೆಲಸಕ್ಕೆ ಸಾಫ್ಟ್‌ವೇರ್ ಮಾಡಿಸಲು ಹೊರಟಾಗ ನಿಮ್ಮ ಮೇಜಿಗೆ ಮೂರೋ ನಾಲ್ಕೋ ಕೊಟೇಶನ್ ಬರುತ್ತವೆ. ಪುಟಗಳನ್ನು ತಿರುವಿ ಹಾಕಿ, ಕೊನೆಯ ಸಾಲಿನ ಮೊತ್ತ ನೋಡಿ, ಕಡಿಮೆ ಹೇಳಿದವರನ್ನು ಕರೆಸುವುದು ಸಾಮಾನ್ಯ ಪದ್ಧತಿ. ಆ ಪದ್ಧತಿಯನ್ನು ಬಿಡಿ ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ನಾನು ಸಾಫ್ಟ್‌ವೇರ್ ಎಂಜಿನಿಯರ್. ಅಗ್ಗದಲ್ಲಿ ಮಾಡಿಸಿದ್ದು ಕೈಕೊಟ್ಟ ಮೇಲೆ, ಮಾಡಿದವರು ಫೋನ್ ಎತ್ತದಂತಾದ ಮೇಲೆ, ನನ್ನಂಥವರನ್ನು ಕರೆಸುತ್ತಾರೆ. ಅಷ್ಟರಲ್ಲಿ ಹಣ ಖರ್ಚಾಗಿರುತ್ತದೆ, ಸಮಯ ಹೋಗಿರುತ್ತದೆ, ಸಿಬ್ಬಂದಿ ಬೇಸತ್ತಿರುತ್ತಾರೆ. ಇದನ್ನು ಮತ್ತೆ ಮತ್ತೆ ನೋಡುವುದು ನನಗೆ ನಿಜಕ್ಕೂ ಸಂಕಟ.

ಹೇಳಬೇಕಾದದ್ದು ಇಷ್ಟೇ. ತೀರಾ ಕಡಿಮೆ ಮೊತ್ತದ ಕೊಟೇಶನ್‌ನಲ್ಲಿ ಕೆಲಸದ ಒಂದು ಭಾಗ ಸೇರಿರುವುದೇ ಇಲ್ಲ. ಬಿಟ್ಟುಹೋದ ಆ ಭಾಗವನ್ನು ಯಾರಾದರೂ ಮಾಡಲೇಬೇಕು. ಮಾಡುವವರು ಹೆಚ್ಚಾಗಿ ನಿಮ್ಮ ನೌಕರರು, ಕೆಲವೊಮ್ಮೆ ನಿಮ್ಮ ಗ್ರಾಹಕರು. ಅದರ ಖರ್ಚು ಬೇರೆ ಬೇರೆ ಖಾತೆಗಳಲ್ಲಿ ಹಂಚಿಹೋಗುವುದರಿಂದ ಸಾಫ್ಟ್‌ವೇರ್‌ನ ಲೆಕ್ಕಕ್ಕೆ ಬರುವುದೇ ಇಲ್ಲ.

ಏನೇನು ಬಿಟ್ಟುಹೋಗುತ್ತದೆ? ಡೆಮೊ ಕೊಡುವಾಗ ನಿಮಗೆ ಕಾಣುವುದು ಪರದೆಗಳು. ಹೆಸರು ತುಂಬುವ ಜಾಗ, ಒತ್ತುವ ಗುಂಡಿ, ಕೊನೆಗೊಂದು ವರದಿ. ಇವಿಷ್ಟನ್ನು ಯಾರು ಬೇಕಾದರೂ ಬೇಗ ಕಟ್ಟಿಕೊಡಬಹುದು, ಈಗಂತೂ ಕೋಡ್ ಬರೆಯುವ ಎಐ ಉಪಕರಣಗಳು ಇನ್ನೂ ಬೇಗ ಕಟ್ಟುತ್ತವೆ. ಆದರೆ ಗ್ರಾಹಕ ಹಣ ಕಟ್ಟುವ ಹೊತ್ತಿಗೆ ಸಂಪರ್ಕ ಕಡಿದುಹೋದರೆ ಏನಾಗಬೇಕು? ಖಾತೆಯಿಂದ ಹಣ ಹೋಗಿದೆ, ನಿಮ್ಮ ಸಾಫ್ಟ್‌ವೇರ್‌ಗೆ ಉತ್ತರ ಬಂದಿಲ್ಲ, ಗ್ರಾಹಕ ಮತ್ತೊಮ್ಮೆ ಗುಂಡಿ ಒತ್ತುತ್ತಾನೆ. ಪ್ರತಿ ಪಾವತಿಗೂ ಒಂದು ವಿಶಿಷ್ಟ ಸಂಖ್ಯೆ ಕೊಟ್ಟು, ಅದೇ ಸಂಖ್ಯೆ ಎರಡನೇ ಸಲ ಬಂದರೆ ಮತ್ತೆ ಹಣ ಕಡಿಯದಂತೆ ಮೊದಲೇ ಬರೆದಿರಬೇಕು. ಬರೆದಿಲ್ಲದಿದ್ದರೆ ಎರಡು ಸಲ ಹಣ ಹೋಗುತ್ತದೆ. ಉಗ್ರಾಣದಲ್ಲಿ ಉಳಿದ ಒಂದೇ ವಸ್ತುವನ್ನು ಇಬ್ಬರು ಒಂದೇ ಕ್ಷಣದಲ್ಲಿ ಕೊಂಡರೆ ಯಾರಿಗೆ ಸಿಗಬೇಕು? ಮಾಹಿತಿ ಜೋಡಿಸಿಡುವ ಡೇಟಾಬೇಸ್‌ನಲ್ಲಿ, ಒಬ್ಬರ ಖರೀದಿ ಮುಗಿಯುವವರೆಗೆ ಆ ವಸ್ತುವಿನ ಸಾಲಿಗೆ ಬೀಗ ಹಾಕುವ ಕ್ರಮ ಇಲ್ಲದಿದ್ದರೆ ಇಬ್ಬರಿಗೂ ರಸೀದಿ ಹೋಗುತ್ತದೆ. ಹಣದ ಮೊತ್ತವನ್ನು ಫ್ಲೋಟಿಂಗ್ ಪಾಯಿಂಟ್ ಸಂಖ್ಯೆಯಾಗಿ, ಅಂದರೆ ದಶಮಾಂಶಗಳನ್ನು ಅಂದಾಜಿನಲ್ಲಿ ಇಡುವ ಕ್ರಮದಲ್ಲಿ, ಇಟ್ಟರೆ 0.1 ಎಂಬ ಸರಳ ಮೊತ್ತವೂ ಕಂಪ್ಯೂಟರ್‌ನ ದ್ವಿಮಾನ ಪದ್ಧತಿಯಲ್ಲಿ ನಿಖರವಾಗಿ ಕೂರುವುದಿಲ್ಲ. ಸಾವಿರಾರು ಬಿಲ್‌ಗಳ ಮೊತ್ತ ಕೂಡಿದಾಗ ಲೆಕ್ಕ ತಾಳೆಯಾಗುವುದಿಲ್ಲ. ನೂರು ಗ್ರಾಹಕರ ಪಟ್ಟಿ ಇದ್ದಾಗ ಥಟ್ಟನೆ ತೆರೆದ ಪುಟ, ಪಟ್ಟಿ ಒಂದು ಲಕ್ಷಕ್ಕೆ ಬೆಳೆದಾಗ ತೆರೆಯದೆ ಕೂರುತ್ತದೆ. ಬ್ಯಾಕಪ್ ಪ್ರತಿ ರಾತ್ರಿ ಹೋಗುತ್ತಿರಬಹುದು, ಅದರಿಂದ ಮಾಹಿತಿ ಮರಳಿ ಬರುತ್ತದೆಯೇ ಎಂದು ಯಾರೂ ನೋಡಿರುವುದಿಲ್ಲ.

ಇವು ಯಾವುವೂ ಡೆಮೊದಲ್ಲಿ ಕಾಣಿಸುವುದಿಲ್ಲ. ಇವನ್ನೆಲ್ಲ ಯೋಚಿಸಿ, ಬರೆದು, ಪರೀಕ್ಷಿಸುವುದಕ್ಕೆ ಪರದೆ ಕಟ್ಟುವುದಕ್ಕಿಂತ ಹೆಚ್ಚು ದಿನ ಹಿಡಿಯುತ್ತದೆ. ಕೊಟೇಶನ್ ತಗ್ಗಿಸಬೇಕಾದಾಗ ಮೊದಲು ಕತ್ತರಿ ಬೀಳುವುದೂ ಇವಕ್ಕೇ, ಏಕೆಂದರೆ ಇವು ಇಲ್ಲದಿದ್ದರೂ ಸಹಿ ಹಾಕುವ ದಿನ ಯಾರಿಗೂ ಗೊತ್ತಾಗುವುದಿಲ್ಲ. ಕಡಿಮೆ ದರ ಹೇಳುವವರೆಲ್ಲ ಮೋಸಗಾರರು ಎಂದು ನಾನು ಹೇಳುತ್ತಿಲ್ಲ. ಬಹಳಷ್ಟು ಮಂದಿ ಪ್ರಾಮಾಣಿಕರೇ. ಆದರೆ ನೀವು ಮೊತ್ತವನ್ನಷ್ಟೇ ನೋಡುತ್ತೀರಿ ಎಂದು ಗೊತ್ತಿದ್ದರೆ ಪರೀಕ್ಷೆಗೆ ಮೂರು ವಾರ ಎಂದು ಬರೆದವನು ಕೆಲಸ ಕಳೆದುಕೊಳ್ಳುತ್ತಾನೆ, ಬರೆಯದವನು ಗೆಲ್ಲುತ್ತಾನೆ. ಹೀಗೆ ಒಳ್ಳೆಯವರನ್ನೂ ಆ ದಾರಿಗೆ ತಳ್ಳುವುದು ನಾವು ಆರಿಸುವ ಕ್ರಮವೇ.

ಇದು ದೊಡ್ಡ ಪ್ರಮಾಣದಲ್ಲಿ ನಡೆದಾಗ ಏನಾಗುತ್ತದೆ ಎಂಬುದಕ್ಕೆ ಕೆನಡಾ ಸರ್ಕಾರದ ಫೀನಿಕ್ಸ್ ಸಂಬಳ ವ್ಯವಸ್ಥೆಯ ಕಥೆಯನ್ನು ಪ್ರತಿಯೊಬ್ಬ ಉದ್ಯಮಿಯೂ ತಿಳಿದಿರಬೇಕು. ಅಲ್ಲಿನ ಮಹಾಲೆಕ್ಕ ಪರಿಶೋಧಕರು 2018ರ ವರದಿಯಲ್ಲಿ ಅದನ್ನು ಹಂತಹಂತವಾಗಿ ದಾಖಲಿಸಿದ್ದಾರೆ. ಉದ್ದೇಶ ಉಳಿತಾಯವೇ ಆಗಿತ್ತು, ವರ್ಷಕ್ಕೆ ಸುಮಾರು 7 ಕೋಟಿ ಕೆನಡಿಯನ್ ಡಾಲರ್. 2009ರಲ್ಲಿ ಮಂಜೂರಾದ ಮೊತ್ತ 15.5 ಕೋಟಿ. 2012ರಲ್ಲಿ ಯೋಜನೆ ರೂಪಿಸುವ ಹಂತ ಮುಗಿಸಿದ ಗುತ್ತಿಗೆದಾರ ಕಂಪನಿ, ಈ ಕೆಲಸಕ್ಕೆ 27.4 ಕೋಟಿ ಬೇಕಾಗುತ್ತದೆ ಎಂದು ಹೇಳಿತು. ಜವಾಬ್ದಾರಿ ಹೊತ್ತ ಅಧಿಕಾರಿಗಳು ಹೆಚ್ಚಿನ ಹಣ ಕೇಳಲಿಲ್ಲ. ಮಂಜೂರಾದ ಮೊತ್ತದೊಳಗೆ ಕೂರುವಂತೆ ಕೆಲಸವನ್ನೇ ಕತ್ತರಿಸಿದರು.

ಕತ್ತರಿಸಿದ್ದು ಏನನ್ನು? ಸಂಬಳ ಲೆಕ್ಕ ಹಾಕುವ ನೂರಕ್ಕೂ ಹೆಚ್ಚು ಕಾರ್ಯಗಳನ್ನು ತೆಗೆದುಹಾಕಿದರು ಅಥವಾ ಮುಂದೂಡಿದರು. ಹಿಂದಿನ ದಿನಾಂಕದಿಂದ ಅನ್ವಯವಾಗುವ ಸಂಬಳ ಬಾಕಿಯನ್ನು ಲೆಕ್ಕ ಹಾಕುವ ಕಾರ್ಯವೂ ಅದರಲ್ಲಿತ್ತು. ಸಂಬಳ ಪಟ್ಟಿ ಮಾಡಿ ಗೊತ್ತಿರುವ ಯಾರನ್ನೇ ಕೇಳಿ, ಅದಿಲ್ಲದೆ ಒಂದು ತಿಂಗಳೂ ನಡೆಯುವುದಿಲ್ಲ ಎನ್ನುತ್ತಾರೆ. ಒಂದು ಇಲಾಖೆಯಲ್ಲಿ ಮೊದಲು ಪ್ರಯೋಗಿಸಿ ನೋಡುವ ಯೋಚನೆಯನ್ನೂ ಕೈಬಿಟ್ಟರು. ಇನ್ನೊಂದು ಕಡೆ, ಇಲಾಖೆಗಳಲ್ಲಿದ್ದ ಸುಮಾರು 1,200 ಸಂಬಳ ಸಲಹೆಗಾರರ ಹುದ್ದೆಗಳನ್ನು ತೆಗೆದು ಸುಮಾರು 550 ಮಂದಿಯ ಒಂದೇ ಕೇಂದ್ರ ಕಟ್ಟುವುದು ನಡೆದಿತ್ತು. ಯಾವ ತಪ್ಪು ಎಲ್ಲಿ ಆಗುತ್ತದೆ ಎಂದು ಬಲ್ಲವರೇ ಹೊರಗೆ ಹೋದರು.

2016ರ ಫೆಬ್ರುವರಿಯಲ್ಲಿ ಫೀನಿಕ್ಸ್ ಚಾಲನೆಗೆ ಬಂತು. ಕೆಲವರಿಗೆ ಸಂಬಳ ಕಡಿಮೆ ಬಂತು, ಕೆಲವರಿಗೆ ಹೆಚ್ಚು ಬಂತು, ಕೆಲವರಿಗೆ ಬರಲೇ ಇಲ್ಲ. 2017ರ ಜೂನ್ ಹೊತ್ತಿಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ನೌಕರರ ಸಂಬಳದ ಕೋರಿಕೆಗಳು ಬಾಕಿ ಬಿದ್ದಿದ್ದವು, ಇತ್ಯರ್ಥವಾಗದ ತಪ್ಪುಗಳ ಮೊತ್ತ 50 ಕೋಟಿ ಡಾಲರ್ ದಾಟಿತ್ತು. ಸರಿಪಡಿಸುವ ಖರ್ಚು ಮುಂದಿನ ವರ್ಷಗಳಲ್ಲಿ 200 ಕೋಟಿ ಡಾಲರ್‌ಗಳನ್ನು ಮೀರಿತು. 2012ರಲ್ಲಿ ಉಳಿಸಲು ಹೊರಟ ವ್ಯತ್ಯಾಸ 12 ಕೋಟಿಯಷ್ಟೂ ಇರಲಿಲ್ಲ.

ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡುವುದು ಮೊತ್ತವಲ್ಲ. ನಿಜವಾದ ಖರ್ಚು ಎಷ್ಟೆಂದು ಒಬ್ಬರು ಮೊದಲೇ ಹೇಳಿದ್ದರು. ಆ ಸಂಖ್ಯೆ ಮೇಜಿನ ಮೇಲಿತ್ತು. ಕೇಳಲು ಯಾರಿಗೂ ಮನಸ್ಸಿರಲಿಲ್ಲ.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಆರೋಗ್ಯ ಇಲಾಖೆಯೂ ಇದೇ ಹೊಂಡಕ್ಕೆ ಬಿದ್ದಿತ್ತು. ಅಲ್ಲಿ 2010ರ ಮಾರ್ಚ್‌ನಲ್ಲಿ ಹೊಸ ಸಂಬಳ ವ್ಯವಸ್ಥೆ ಚಾಲನೆಗೆ ಬಂದಾಗ ಸಾವಿರಾರು ದಾದಿಯರಿಗೂ ವೈದ್ಯರಿಗೂ ಸಂಬಳ ತಪ್ಪಾಗಿ ಬಂತು. ಅದನ್ನು ನಡೆಸಿಕೊಂಡು ಹೋಗುವ, ಸರಿಪಡಿಸುವ ಒಟ್ಟು ಖರ್ಚು ಸುಮಾರು 120 ಕೋಟಿ ಆಸ್ಟ್ರೇಲಿಯನ್ ಡಾಲರ್‌ಗೆ ಮುಟ್ಟುತ್ತದೆ ಎಂಬ ಅಂದಾಜು ಬಂತು. ತನಗೆ ಬೇಕಾದದ್ದು ಏನೆಂಬುದನ್ನು ಸರ್ಕಾರವೇ ಸರಿಯಾಗಿ ನಿರ್ಧರಿಸಿರಲಿಲ್ಲ ಎಂಬುದು 2013ರ ವಿಚಾರಣಾ ಆಯೋಗ ಎತ್ತಿ ಹೇಳಿದ ದೋಷಗಳಲ್ಲಿ ಒಂದು. ಬೇಕಾದದ್ದನ್ನು ವಿಚಾರಿಸಿ ಬರೆದುಕೊಳ್ಳುವ ಆ ಮೊದಲ ಕೆಲಸವೂ ಅಗ್ಗದ ಕೊಟೇಶನ್‌ಗಳಲ್ಲಿ ಇರುವುದಿಲ್ಲ.

ಸರ್ಕಾರಗಳ ಮಾತು ಬಿಡಿ, ನಮ್ಮದು ಸಣ್ಣ ಕಂಪನಿ ಎನ್ನಬಹುದು. ಹಾಗಾದರೆ ಚಿಕ್ಕ ಲೆಕ್ಕ ಮಾಡೋಣ. ಹೊಸ ಸಾಫ್ಟ್‌ವೇರ್‌ನಲ್ಲಿ ದಾಸ್ತಾನಿನ ಲೆಕ್ಕ ನಂಬುವಂತಿಲ್ಲ ಎಂದು ನಿಮ್ಮ ಹನ್ನೆರಡು ಮಂದಿ ಸಿಬ್ಬಂದಿ ಪಕ್ಕದಲ್ಲೇ ಒಂದು ಎಕ್ಸೆಲ್ ಹಾಳೆ ಇಟ್ಟುಕೊಂಡಿದ್ದಾರೆ ಎಂದಿಟ್ಟುಕೊಳ್ಳಿ. ಎರಡನ್ನೂ ತಾಳೆ ನೋಡಲು ದಿನಕ್ಕೆ ತಲಾ ಅರ್ಧ ಗಂಟೆ. ವರ್ಷಕ್ಕೆ 250 ಕೆಲಸದ ದಿನ ಹಿಡಿದರೆ 1,500 ಗಂಟೆ. ದಿನಕ್ಕೆ ಎಂಟು ಗಂಟೆ ದುಡಿಯುವ ಒಬ್ಬ ನೌಕರನ ಒಂಬತ್ತು ತಿಂಗಳ ಸಂಬಳಕ್ಕೆ ಇದು ಸಮ, ಪ್ರತಿ ವರ್ಷ. ಈ ಹಣಕ್ಕೆ ಯಾರೂ ಬಿಲ್ ಕಳಿಸುವುದಿಲ್ಲ, ಹಾಗಾಗಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಸಾಫ್ಟ್‌ವೇರ್ ಅಗ್ಗದಲ್ಲಿ ಸಿಕ್ಕಿತು ಎಂಬ ಸಮಾಧಾನ ಮಾತ್ರ ಉಳಿದಿರುತ್ತದೆ. ನಾನು ಯಾವುದೇ ಕಚೇರಿಗೆ ಹೋದರೂ ಮೊದಲು ಹುಡುಕುವುದು ಆ ಪಕ್ಕದ ಎಕ್ಸೆಲ್ ಹಾಳೆಗಳನ್ನು. ಸಾಫ್ಟ್‌ವೇರ್ ಎಲ್ಲೆಲ್ಲಿ ಸೋತಿದೆ ಎಂಬುದು ಅಲ್ಲಿ ಸ್ಪಷ್ಟವಾಗಿ ಬರೆದಿರುತ್ತದೆ.

ಗಂಟೆಯ ದರದ ವಿಷಯದಲ್ಲೂ ಇದೇ ಪಾಡು. ಅರ್ಧ ದರಕ್ಕೆ ಇಬ್ಬರು ಸಿಗುತ್ತಾರೆ ಎಂದು ಅನುಭವಿ ಒಬ್ಬರನ್ನು ಬಿಡುವವರಿದ್ದಾರೆ. ಸಾಫ್ಟ್‌ವೇರ್ ಬರೆಯುವುದರಲ್ಲಿ ಬೆರಳು ಆಡಿಸುವುದಕ್ಕಿಂತ ತೀರ್ಮಾನ ಮಾಡುವುದೇ ಹೆಚ್ಚು: ಮಾಹಿತಿಯನ್ನು ಹೇಗೆ ಜೋಡಿಸಿಡುವುದು, ಯಾವುದನ್ನು ಯಾವುದರಿಂದ ಬೇರೆ ಇಡುವುದು, ಯಾವುದನ್ನು ಕಟ್ಟದೆ ಸಿದ್ಧವಾಗಿರುವುದನ್ನೇ ತರುವುದು. ಮೊದಲ ತಿಂಗಳಲ್ಲಿ ಡೇಟಾಬೇಸ್ ತಪ್ಪಾಗಿ ಜೋಡಿಸಿದರೆ ಎರಡು ವರ್ಷದ ನಂತರ ಅದನ್ನು ಸರಿಪಡಿಸಲು ಅಷ್ಟೂ ಮಾಹಿತಿಯನ್ನು ಸ್ಥಳಾಂತರಿಸಬೇಕು, ಅದನ್ನು ಬಳಸುವ ಪ್ರತಿ ವರದಿಯನ್ನೂ ಮತ್ತೆ ಬರೆಯಬೇಕು. ತಡವಾದ ಕೆಲಸಕ್ಕೆ ಇನ್ನಷ್ಟು ಜನರನ್ನು ಸೇರಿಸಿದರೆ ಅದು ಮತ್ತಷ್ಟು ತಡವಾಗುತ್ತದೆ ಎಂದು ಅಮೆರಿಕದ ಸಾಫ್ಟ್‌ವೇರ್ ತಜ್ಞ ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದರು. ಹೊಸಬರಿಗೆ ಹೇಳಿಕೊಡಲು ಹಳಬರ ಸಮಯ ಹೋಗುತ್ತದೆ, ಜನ ಹೆಚ್ಚಾದಷ್ಟೂ ಪರಸ್ಪರ ಕೇಳಿ ತಿಳಿಯಬೇಕಾದದ್ದು ಹೆಚ್ಚುತ್ತದೆ. ಕಲಿಯುತ್ತಿರುವವರಿಗೆ ಕೆಲಸ ಕೊಡಬೇಡಿ ಎಂದಲ್ಲ, ಅವರ ಕೆಲಸವನ್ನು ನೋಡಿ ತಿದ್ದುವ ಒಬ್ಬರಿಗೂ ಸಂಬಳ ಕೊಡಿ ಎಂದು.

ಕೊಟೇಶನ್‌ನ ಇನ್ನೊಂದು ಕೊರತೆಯೆಂದರೆ ಅದು ಸಾಫ್ಟ್‌ವೇರ್ ಒಪ್ಪಿಸುವ ದಿನಕ್ಕೇ ನಿಂತುಬಿಡುತ್ತದೆ. ನಿಮ್ಮ ಖರ್ಚು ಅಂದಿನಿಂದ ಶುರು. ಲೀಂಟ್ಜ್ ಮತ್ತು ಸ್ವಾನ್ಸನ್ ಎಂಬ ಸಂಶೋಧಕರು 487 ಸಂಸ್ಥೆಗಳನ್ನು ಸಮೀಕ್ಷಿಸಿ 1980ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಾಫ್ಟ್‌ವೇರ್ ನಿರ್ವಹಣೆಯ ಶ್ರಮದಲ್ಲಿ ದೋಷ ತಿದ್ದುವುದಕ್ಕೆ ಹೋಗುತ್ತಿದ್ದದ್ದು ಐದನೇ ಒಂದು ಪಾಲು ಮಾತ್ರ. ಉಳಿದದ್ದರಲ್ಲಿ ಬಹುಪಾಲು ಬದಲಾದ ಅಗತ್ಯಗಳಿಗೆ, ಹೊಸ ಪರಿಸರಕ್ಕೆ ಹೊಂದಿಸುವುದಕ್ಕೆ. ತೆರಿಗೆಯ ನಿಯಮ ಬದಲಾಗುತ್ತದೆ, ಹೊಸ ಶಾಖೆ ತೆರೆಯುತ್ತದೆ, ಫೋನ್‌ನ ಆಪರೇಟಿಂಗ್ ಸಿಸ್ಟಮ್ ಮುಂದಿನ ಆವೃತ್ತಿಗೆ ಹೋಗುತ್ತದೆ. ದೋಷವೇ ಇಲ್ಲದ ಸಾಫ್ಟ್‌ವೇರ್ ಇದ್ದರೂ ಬದಲಾವಣೆ ತಪ್ಪಿದ್ದಲ್ಲ. ಹಾಗಾಗಿ ಕೇಳಬೇಕಾದ ಮುಖ್ಯ ಪ್ರಶ್ನೆ: ಇದನ್ನು ಮುಂದೆ ಬದಲಿಸಲು ಎಷ್ಟು ಖರ್ಚು?

ಇಲ್ಲಿಯೇ ಅವಸರದ ಕೆಲಸ ಬಡ್ಡಿ ಕೇಳಲು ಶುರುಮಾಡುತ್ತದೆ. ಸಾಲದ ಈ ಹೋಲಿಕೆಯನ್ನು ಅಮೆರಿಕದ ಪ್ರೋಗ್ರಾಮರ್ ವಾರ್ಡ್ ಕನ್ನಿಂಗ್‌ಹ್ಯಾಮ್ 1992ರಲ್ಲಿ ಕೊಟ್ಟರು: ಬೇಗ ಮುಗಿಸಲು ಸ್ವಲ್ಪ ಸಾಲ ಮಾಡುವುದು ಸರಿ, ಬೇಗ ತೀರಿಸಿದರೆ ಮಾತ್ರ. ತೀರಿಸದಿದ್ದರೆ ಪ್ರತಿ ಬದಲಾವಣೆಯ ಮೇಲೂ ಬಡ್ಡಿ. ಅಗ್ಗದಲ್ಲಿ ಮಾಡಿಸಿದ ಸಾಫ್ಟ್‌ವೇರ್‌ನಲ್ಲಿ ತೆರಿಗೆ ಲೆಕ್ಕದ ಒಂದೇ ಸೂತ್ರವನ್ನು ಹದಿನೈದು ಜಾಗಗಳಲ್ಲಿ ನಕಲು ಮಾಡಿ ಅಂಟಿಸಿರುವುದನ್ನು ನಾನು ಕಂಡಿದ್ದೇನೆ. ದರ ಬದಲಾದಾಗ ಹದಿನಾಲ್ಕು ಕಡೆ ತಿದ್ದಿ ಒಂದು ಕಡೆ ಮರೆತರೆ ಆ ಒಂದು ವರದಿ ತಿಂಗಳುಗಟ್ಟಲೆ ತಪ್ಪು ಹೇಳುತ್ತದೆ. ಪ್ರತಿ ಬದಲಾವಣೆಯ ನಂತರ ಲೆಕ್ಕಗಳನ್ನು ತಾನೇ ಪರಿಶೀಲಿಸುವ ಸ್ವಯಂಚಾಲಿತ ಪರೀಕ್ಷೆಗಳಿದ್ದರೆ ಮರುಗಳಿಗೆಯಲ್ಲೇ ತಿಳಿಯುತ್ತಿತ್ತು. ಅವು ಕೊಟೇಶನ್‌ನಲ್ಲಿ ಇರಲಿಲ್ಲ.

ಒಂದು ಸಣ್ಣ ಪರಿಶೀಲನೆ ಬಿಟ್ಟುಹೋದರೆ ಏನಾಗಬಹುದು ಎಂಬುದನ್ನು ನೈಟ್ ಕ್ಯಾಪಿಟಲ್ ಕಂಪನಿ ತೋರಿಸಿಕೊಟ್ಟಿತು. ಅಮೆರಿಕದ ಷೇರುಪೇಟೆಯಲ್ಲಿ ವ್ಯವಹರಿಸುತ್ತಿದ್ದ ಈ ಕಂಪನಿ ಹೊಸ ಕೋಡನ್ನು ತನ್ನ ಸಾಫ್ಟ್‌ವೇರ್ ನಡೆಸುವ ಎಂಟು ಕಂಪ್ಯೂಟರ್‌ಗಳಿಗೆ (ಸರ್ವರ್‌ಗಳಿಗೆ) ಹಾಕಬೇಕಿತ್ತು. ಒಂದಕ್ಕೆ ಹಾಕುವುದು ಬಿಟ್ಟುಹೋಯಿತು. ಆ ಸರ್ವರ್‌ನಲ್ಲಿ ವರ್ಷಗಳಿಂದ ಬಳಸದೆ ಬಿಟ್ಟಿದ್ದ, ಆದರೆ ಅಳಿಸಿರದ ಹಳೆಯ ಕೋಡ್ ಇತ್ತು. 2012ರ ಆಗಸ್ಟ್ 1ರ ಬೆಳಿಗ್ಗೆ ಪೇಟೆ ತೆರೆದಾಗ ಆ ಹಳೆಯ ಕೋಡ್ ಎಚ್ಚೆತ್ತು ಖರೀದಿ, ಮಾರಾಟದ ಆದೇಶಗಳನ್ನು ತಡೆಯಿಲ್ಲದೆ ಕಳಿಸತೊಡಗಿತು. ಸುಮಾರು 45 ನಿಮಿಷಗಳಲ್ಲಿ ಆದ ನಷ್ಟ 44 ಕೋಟಿ ಡಾಲರ್‌ಗೂ ಹೆಚ್ಚು. ಕೋಡ್ ಸರಿಯಾಗಿ ಹೋಗಿದೆಯೇ ಎಂದು ಎರಡನೇ ವ್ಯಕ್ತಿ ನೋಡಬೇಕೆಂಬ ಲಿಖಿತ ನಿಯಮ ಕಂಪನಿಯಲ್ಲಿ ಇರಲಿಲ್ಲ ಎಂದು ಅಮೆರಿಕದ ಷೇರುಪೇಟೆ ನಿಯಂತ್ರಣ ಆಯೋಗ ನಂತರ ದಾಖಲಿಸಿತು. ಮರುವರ್ಷ ಆ ಕಂಪನಿ ಇನ್ನೊಂದರಲ್ಲಿ ವಿಲೀನವಾಯಿತು. ಬಳಸದ ಕೋಡ್ ಅಳಿಸುವುದು, ಇನ್ನೊಬ್ಬರು ಒಮ್ಮೆ ನೋಡುವುದು, ಇವೆರಡೂ ಯಾರಿಗೂ ಲಾಭ ತರುವ ಕೆಲಸದಂತೆ ಕಾಣುವುದಿಲ್ಲ. ಖರ್ಚು ಕಡಿಮೆ ಮಾಡಿ ಎಂದಾಗ ಮೊದಲು ಹೋಗುವುದು ಇವೇ.

ಒಡೆತನದ ಬಗ್ಗೆ ಒಂದು ಮಾತು. ಅಗ್ಗದ ಒಪ್ಪಂದಗಳಲ್ಲಿ ಸೋರ್ಸ್ ಕೋಡ್, ಅಂದರೆ ಬರೆದ ಮೂಲ ಕೋಡ್, ಯಾರದೆಂದು ಬರೆದಿರುವುದಿಲ್ಲ, ಸಾಫ್ಟ್‌ವೇರ್ ನಡೆಯುವ ಕ್ಲೌಡ್ ಖಾತೆ ಅದನ್ನು ಮಾಡಿಕೊಟ್ಟವರ ಹೆಸರಿನಲ್ಲಿರುತ್ತದೆ, ಡೊಮೇನ್ (ನಿಮ್ಮ ಜಾಲತಾಣದ ವಿಳಾಸ) ಅವರ ಇಮೇಲ್‌ಗೆ ನೋಂದಣಿಯಾಗಿರುತ್ತದೆ. ಅವರೊಂದಿಗೆ ಮನಸ್ತಾಪವಾದ ದಿನ ನಿಮ್ಮ ವ್ಯವಹಾರದ ಕೀಲಿಕೈ ಅವರ ಬಳಿ ಇರುತ್ತದೆ. ಆಮೇಲೆ ನೀವು ಕೇಳುವ ಪ್ರತಿ ಬದಲಾವಣೆಗೆ (ಚೇಂಜ್ ರಿಕ್ವೆಸ್ಟ್‌ಗೆ) ಅವರು ಹೇಳಿದ್ದೇ ದರ. ಮೊದಲ ಕೊಟೇಶನ್ ಕಡಿಮೆ ಮಾಡಿ, ಗಳಿಕೆಯನ್ನು ಬದಲಾವಣೆಗಳ ಮೇಲೆ ಇಟ್ಟುಕೊಳ್ಳುವವರು ಇದ್ದಾರೆ. ಕೊಂಡವನಿಗೆ ಬಿಟ್ಟುಹೋಗಲು ದಾರಿಯಿಲ್ಲದಾಗ ಮಾತ್ರ ಆ ಗಳಿಕೆ ಸಾಧ್ಯ.

ಹಾಗೆಂದು ದುಬಾರಿಯೆಲ್ಲ ಒಳ್ಳೆಯದು ಎಂದು ಓದಿಕೊಳ್ಳಬೇಡಿ. ಫೀನಿಕ್ಸ್‌ನಲ್ಲೂ ಕ್ವೀನ್ಸ್‌ಲ್ಯಾಂಡ್‌ನಲ್ಲೂ ಗುತ್ತಿಗೆದಾರರು ಜಗತ್ತಿನ ದೊಡ್ಡ ಹೆಸರಿನವರೇ. ಅಗ್ಗವೇ ಸರಿಯಾದ ಆಯ್ಕೆಯಾಗುವ ಸಂದರ್ಭಗಳೂ ಬೇಕಾದಷ್ಟಿವೆ. ಲೆಕ್ಕಪತ್ರಕ್ಕೆ, ಹಾಜರಾತಿಗೆ, ಇಮೇಲ್‌ಗೆ ಸಿದ್ಧ ಸಾಫ್ಟ್‌ವೇರ್ ಸಿಗುವಾಗ ಹೊಸದಾಗಿ ಕಟ್ಟಿಸುವುದೇ ದುಂದು. ಒಂದು ಕಲ್ಪನೆ ಜನರಿಗೆ ಹಿಡಿಸುತ್ತದೆಯೇ ಎಂದು ನೋಡಲು ಆರು ವಾರದಲ್ಲಿ ಒರಟಾಗಿ ಕಟ್ಟಿ, ನೋಡಿ, ಎಸೆಯುವುದು ಜಾಣತನ, ನಿಜವಾಗಿಯೂ ಎಸೆಯುವುದಾದರೆ. ಎಸೆಯಬೇಕಾದ ಮಾದರಿಯ ಮೇಲೇ ವ್ಯವಹಾರ ನಿಲ್ಲಿಸುವುದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ, ಅದನ್ನು ಮಾಡಬೇಡಿ. ಹಣ ಕಡಿಮೆ ಇದ್ದರೆ ಕೇಳಿದ ಹತ್ತು ಸೌಲಭ್ಯಗಳಲ್ಲಿ ಆರನ್ನು ಬಿಡಿ, ಉಳಿದ ನಾಲ್ಕನ್ನು ಗಟ್ಟಿಯಾಗಿ ಕಟ್ಟಿಸಿ. ಯಾವ ಆರು ಎಂಬುದನ್ನು ಸಭಾಕೊಠಡಿಯಲ್ಲಿ ಕೂತು ತೀರ್ಮಾನಿಸಬೇಡಿ. ದಿನವೂ ಆ ಕೆಲಸ ಮಾಡುವವರನ್ನು ಕೂರಿಸಿಕೊಂಡು ಕೇಳಿ. ಕೆನಡಾದಲ್ಲಿ ಕತ್ತರಿ ಹಿಡಿದವರು ಸಂಬಳ ಪಟ್ಟಿ ಮಾಡುವವರಾಗಿದ್ದರೆ ಹಿಂಬಾಕಿಯ ಲೆಕ್ಕವನ್ನು ತೆಗೆಯುತ್ತಿರಲಿಲ್ಲ ಎಂದೇ ನನ್ನ ನಂಬಿಕೆ.

ಆದ್ದರಿಂದ ನನ್ನ ಕೋರಿಕೆ. ಮುಂದಿನ ಸಲ ಕೊಟೇಶನ್ ತರಿಸುವಾಗ ಎಲ್ಲರಿಗೂ ಒಂದೇ ನಮೂನೆ ಕೊಡಿ. ಪರೀಕ್ಷೆಗೆ ಎಷ್ಟು ದಿನ, ಹಳೆಯ ಮಾಹಿತಿ ಸಾಗಿಸಲು ಎಷ್ಟು ದಿನ, ಸಿಬ್ಬಂದಿಗೆ ಕಲಿಸಲು ಎಷ್ಟು, ಒಪ್ಪಿಸಿದ ಮೇಲೆ ಮೂರು ವರ್ಷದ ನಿರ್ವಹಣೆಗೆ ಎಷ್ಟು ಎಂದು ಬೇರೆ ಬೇರೆ ಸಾಲಿನಲ್ಲಿ ಬರೆಸಿ. ಒಬ್ಬರ ಪತ್ರದಲ್ಲಿ ಒಂದು ಸಾಲು ಖಾಲಿ ಇದ್ದರೆ ಆ ಕೆಲಸ ಯಾರು ಮಾಡುತ್ತಾರೆ ಎಂದು ಕೇಳಿ, ಉತ್ತರವನ್ನು ಬರೆದುಕೊಳ್ಳಿ. ಅವರು ಮೂರು ವರ್ಷದ ಹಿಂದೆ ಸಾಫ್ಟ್‌ವೇರ್ ಮಾಡಿಕೊಟ್ಟ ಒಬ್ಬ ಗ್ರಾಹಕರಿಗೆ ಫೋನ್ ಮಾಡಿ. ಹೊಸ ಗ್ರಾಹಕರು ಡೆಮೊದ ಸಂತೋಷದಲ್ಲಿರುತ್ತಾರೆ, ಮೂರು ವರ್ಷ ಬಳಸಿದವರು ನಿಜ ಹೇಳುತ್ತಾರೆ. ಕೋಡ್, ಖಾತೆ, ಡೊಮೇನ್ ಮೂರೂ ಮೊದಲ ದಿನದಿಂದಲೇ ನಿಮ್ಮ ಹೆಸರಿನಲ್ಲಿರಲಿ. ಹಣವನ್ನು ಒಟ್ಟಿಗೆ ಕೊಡದೆ, ಎರಡು ವಾರಕ್ಕೊಮ್ಮೆ ನಿಮ್ಮ ಸಿಬ್ಬಂದಿ ನಿಜವಾದ ಮಾಹಿತಿ ಹಾಕಿ ನಡೆಸಿ ನೋಡಿದ್ದಕ್ಕೆ ಕೊಡಿ.

ಈಗಾಗಲೇ ಅಗ್ಗದ್ದನ್ನು ಮಾಡಿಸಿ ಸಿಕ್ಕಿಹಾಕಿಕೊಂಡವರು ಕೋಪದಲ್ಲಿ ಎಲ್ಲವನ್ನೂ ಹೊಸದಾಗಿ ಬರೆಸಲು ಹೊರಡಬೇಡಿ. ಅದು ಇನ್ನೊಂದು ದುಬಾರಿ ತಪ್ಪಾಗುವ ಸಂಭವವೇ ಹೆಚ್ಚು, ಏಕೆಂದರೆ ಆ ಕೆಟ್ಟ ಕೋಡಿನಲ್ಲಿ ನಿಮ್ಮ ವ್ಯವಹಾರದ ಎಷ್ಟೋ ಸೂಕ್ಷ್ಮಗಳು ಸೇರಿಹೋಗಿರುತ್ತವೆ, ಅವು ಬೇರೆಲ್ಲೂ ಬರೆದಿರುವುದಿಲ್ಲ. ಮೊದಲು ಕೋಡನ್ನೂ ಖಾತೆಗಳನ್ನೂ ನಿಮ್ಮ ಕೈಗೆ ತೆಗೆದುಕೊಳ್ಳಿ. ಬ್ಯಾಕಪ್‌ನಿಂದ ಮಾಹಿತಿ ಮರಳಿ ಬರುತ್ತದೆಯೇ ಎಂದು ಬೇರೆ ಯಂತ್ರದಲ್ಲಿ ಪರೀಕ್ಷಿಸಿ. ಆಮೇಲೆ ಹಣ ಓಡಾಡುವ ಜಾಗಗಳಿಗೆ, ಅಂದರೆ ಬಿಲ್, ಪಾವತಿ, ಸಂಬಳಕ್ಕೆ ಪರೀಕ್ಷೆಗಳನ್ನು ಬರೆಸಿ. ಅಷ್ಟಾದ ಮೇಲೆ ಒಂದೊಂದೇ ಭಾಗವನ್ನು ಬದಲಿಸುತ್ತಾ ಹೋಗಬಹುದು. ಎಲ್ಲಿಂದ ಆರಂಭಿಸಬೇಕೆಂದು ತಿಳಿಯದಿದ್ದರೆ ನಿಮ್ಮ ಸಿಬ್ಬಂದಿಯ ಆ ಎಕ್ಸೆಲ್ ಹಾಳೆಗಳನ್ನು ಕೇಳಿ ಪಡೆಯಿರಿ. ಅತಿ ಹೆಚ್ಚು ಸಾಲುಗಳಿರುವ ಹಾಳೆಯಿಂದ ಶುರುಮಾಡಿ.

ಇಂತಿ,
ನಿಮ್ಮ ವಿಶ್ವಾಸಿ,
ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್